ಹಾಸಿದ ಕಂಬಳಿ

ಮುಂಬಯಿ, ಮಸ್ಜಿದ್ ಬಂದರ
14 ಜುಲೈ 1969

ಚಿ. ಭಾಗವ್ವನಿಗೆ ಅಪ್ಪನ ಆಶೀರ್ವಾದಗಳು.

ನನ್ನ ಪತ್ರದಲ್ಲಿ ಮೊದಲ ಪುಟವೆಲ್ಲ ಕ್ಷೇಮ ಸಮಾಚಾರಕ್ಕೇ ಹೋಗುತ್ತದೆ, ವಿಷಯ ಮಾತ್ರ ಕೊನೆಯ ಸಾಲಿನಲ್ಲಿ ಮುದುಡಿಕೊಂಡು ಕೂತಿರುತ್ತದೆ ಎಂದು ಹೋದ ಸಲ ನೀನು ಬೈದಿದ್ದೆ. ಆದ್ದರಿಂದ ಇವತ್ತು ವಿಷಯ ಮೊದಲು. ನಮ್ಮ ಕಂಬಳಿಗೆ ಜರ್ಮನಿಯಿಂದ ಬರುತ್ತಿದ್ದ ಬೇಡಿಕೆ ಈ ವರ್ಷ ಅರ್ಧಕ್ಕೆ ಇಳಿದಿದೆ.

ಮಾಲು ಕೆಟ್ಟಿದೆಯೇ ಎಂದರೆ ಅದೂ ಇಲ್ಲ. ಹ್ಯಾಂಬರ್ಗಿನ ವಿಲ್ಕೆ ಸಾಹೇಬರು ಒಂಬತ್ತು ವರ್ಷದಿಂದ ನಮ್ಮ ಗಿರಾಕಿ. ಅವರ ಮುಖ ನಾನು ನೋಡಿಲ್ಲ, ನನ್ನ ಮುಖ ಅವರು ನೋಡಿಲ್ಲ. ಪತ್ರ ಹೋಗುತ್ತಿತ್ತು, ಪತ್ರ ಬರುತ್ತಿತ್ತು, ಹಡಗಿನಲ್ಲಿ ಕಂಬಳಿಯ ಗಂಟು ಹೋಗುತ್ತಿತ್ತು, ವ್ಯವಹಾರ ಸುಸೂತ್ರವಾಗಿ ನಡೆದಿತ್ತು. ಈಗ ಉತ್ತರದ ಕಡೆಯ ಒಬ್ಬ ವ್ಯಾಪಾರಿ ವಿಮಾನ ಹತ್ತಿ ಹೋಗಿ, ಅವರ ಅಂಗಡಿಯಲ್ಲೇ ಕೂತು, ಅವರ ಮನೆಯಲ್ಲಿ ಉಂಡು, ನಮ್ಮ ಅರ್ಧ ಬೇಡಿಕೆಯನ್ನು ತನ್ನದು ಮಾಡಿಕೊಂಡು ಬಂದಿದ್ದಾನೆ. ಅವನ ಕಂಬಳಿ ನಾನು ಮುಟ್ಟಿ ನೋಡಿದೆ. ನಮ್ಮ ಮಾಡಗ್ಯಾಳದ ನೇಕಾರ ಅಮೋಗಸಿದ್ದ ಅಂಥದನ್ನು ಕುರಿಗೂ ಹೊದಿಸುವುದಿಲ್ಲ. ಆದರೆ ಅವನಿಗೆ ಅಲ್ಲಿ ಒಂದು ಮುಖ ಇದೆ. ನನಗೆ ಬರೀ ಒಂದು ಸಹಿ ಇದೆ.

ನಮ್ಮ ಮಾಲು ಹೊರದೇಶಕ್ಕೆ ಕಳಿಸುವ ಪೇಢಿಯ ಸೇಠರು ಹೇಳುವುದೂ ಇದನ್ನೇ. ಮೊದಲು ಸಮುದ್ರ ದಾಟಿ ಹೋಗಿಬರಲು ತಿಂಗಳುಗಟ್ಟಲೆ ಬೇಕಿತ್ತು, ಯಾರೂ ಹೋಗುತ್ತಿರಲಿಲ್ಲ, ಎಲ್ಲರೂ ಪತ್ರದಲ್ಲೇ ವ್ಯಾಪಾರ ಮಾಡುತ್ತಿದ್ದರು. ಈಗ ಒಂದು ದಿನದ ದಾರಿ. ಹೋಗಬಲ್ಲವನು ಹೋಗದೆ ಕೂತರೆ ಆ ಸಾಹೇಬರು ಏನೆಂದುಕೊಳ್ಳಬೇಕು? ನಾನೂ ಹೋಗುವುದೆಂದು ಮನಸ್ಸು ಮಾಡಿದ್ದೇನೆ. ಅತ್ತೆಗೆ ಸದ್ಯಕ್ಕೆ ಹೇಳಬೇಡ, ನಮ್ಮಕ್ಕನ ಸ್ವಭಾವ ಗೊತ್ತಲ್ಲ, ಊಟ ಬಿಟ್ಟು ಕೂತುಬಿಡುತ್ತಾಳೆ.

ಇನ್ನು ಬಿಳೂರಿನ ದುಂಡಪ್ಪನವರು ತಮ್ಮ ಮಗನಿಗೆ ನಿನ್ನನ್ನು ಕೇಳಿದ್ದಾರೆ. ಹುಡುಗ ಅಣ್ಣಾರಾಯನನ್ನು ನಾನೇನು ನಿನಗೆ ಪರಿಚಯ ಮಾಡಿಸಬೇಕಾಗಿಲ್ಲ. ನಮ್ಮ ಗಂಟುಗಳನ್ನು ಮೀರಜ ಸ್ಟೇಷನ್ನಿಗೆ ಒಯ್ಯುವುದು ಅವನದೇ ಲಾರಿ. ಅವನು ಬಂದ ದಿನ ನೀನು ಗಂಟು ಎಣಿಸುವಾಗ ಲೆಕ್ಕ ತಪ್ಪುತ್ತೀಯೆಂದು ಅತ್ತೆ ಯಾರ ಕೈಯಲ್ಲೋ ಬರೆಸಿ ಕಳಿಸಿದ್ದಾಳೆ. ತಾಯಿ ಇಲ್ಲದ ಮಗಳು, ನಾನೇ ಕೇಳಬೇಕು. ನಿನ್ನ ಮನಸ್ಸು ಏನಿದೆ, ನಾಚದೆ ಬರೆ.

ನಿನ್ನ ಅಪ್ಪ,
ಶಿವಯೋಗೆಪ್ಪ


ಜತ್ತ
27 ಜುಲೈ 1969

ಅಪ್ಪನವರಿಗೆ ಭಾಗವ್ವನ ನಮಸ್ಕಾರಗಳು.

ಲೆಕ್ಕ ತಪ್ಪಿದ್ದು ಒಂದೇ ಸಲ. ಅತ್ತೆ ಕಡ್ಡಿಯನ್ನು ಗುಡ್ಡ ಮಾಡುತ್ತಾಳೆ.

ದುಂಡಪ್ಪನವರು ಹೋದ ಗುರುವಾರ ತಮ್ಮ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಆ ಅಜ್ಜಿಗೆ ಕಣ್ಣು ಮಂಜಾಗಿವೆ. ನನ್ನನ್ನು ಹತ್ತಿರ ಕೂರಿಸಿಕೊಂಡು ಅಂಗೈ ಸವರಿ ನೋಡಿದರು. "ಉಣ್ಣಿ ಹಿಂಜೂ ಕೈ ಐತಿ, ಬಿರಸ ಐತಿ, ಇಂಥಾ ಕೈನ ನಮ್ಮ ಮನಿಗಿ ಬೇಕು" ಎಂದರು. ನನಗೆ ನಗು ಬಂತು, ಆಮೇಲೆ ಯಾಕೋ ಕಣ್ಣಲ್ಲಿ ನೀರು ಬಂತು. ದುಂಡಪ್ಪನವರು ಹೋಗುವಾಗ ಅತ್ತೆಗೆ, "ಹುಡುಗಿ ನಮಗ ಮನಸ್ಸಿಗಿ ಬಂದಾಳ್ರಿ. ಇನ್ನ ಶಿವಯೋಗೆಪ್ಪನೋರು ಬಂದು ನನ್ನ ಜೋಡಿ ಕಂಬಳಿ ಮ್ಯಾಲ ಕುಂತ್ರ ಮುಗೀತು" ಎಂದು ಹೇಳಿ ಹೋದರು.

ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಅತ್ತೆ ನನ್ನ ಪಕ್ಕದಲ್ಲೇ ಕೂತು ಇದನ್ನು ಬರೆ ಎನ್ನುತ್ತಿದ್ದಾಳೆ. ಅವಳ ಮಾತಿನಲ್ಲೇ ಬರೆಯುತ್ತೇನೆ. "ನಿಮ್ಮಪ್ಪಗ ಹೇಳು, ಮುಂಬೈ ಗಾಳಿ ತಾಗಿ ಪದ್ಧತಿ ಮರತಿರಬೇಕು. ಎರಡೂ ಕಡೀ ತಂದಿ ಒಂದ ಕಂಬಳಿ ಮ್ಯಾಲ ಕುಂತು, ಒಂದ ತಾಟಿನಾಗಿಂದ ಎಲಿ ಅಡಕಿ ತಗೊಂಡ್ರ ಅಷ್ಟ ಮಾತು ಆದಂಗ. ತಂದಿ ಸತ್ತಿದ್ರ ಅವನ ಜಾಗದಾಗ ಮತ್ತೊಬ್ರು ಕೂಡತಾರ. ಬದುಕಿದ್ದವನ ಜಾಗದಾಗ ಯಾರೂ ಕೂಡೂದಿಲ್ಲ. ಅದು ಅವನ ಸಾವ ಬಯಸಿದಂಗ." ಹೇಳಿ ಮುಗಿಸಿ, ಎಲ್ಲ ಬರೆದೆಯಾ ಎಂದು ಮತ್ತೆ ಓದಿಸಿಕೊಂಡಳು.

ಅವಳು ಈಗ ಅಡಿಗೆ ಮನೆಗೆ ಹೋದಳು, ಹಾಗಾಗಿ ಉಳಿದದ್ದನ್ನು ಬರೆಯುತ್ತೇನೆ. ನೀವು ನಾಚದೆ ಬರೆ ಎಂದಿದ್ದೀರಿ. ಅಪ್ಪಾ, ನನಗೆ ಅವರೇ ಬೇಕು. ಬೇರೆ ಯಾರನ್ನೂ ನಾನು ಎಂದೂ ಯೋಚಿಸಿಲ್ಲ. ಅವರು ಲಾರಿ ಹೊರಡಿಸುವ ಮುಂಚೆ ಪ್ರತಿ ಗಂಟಿನ ಹಗ್ಗ ಎಳೆದು ನೋಡುತ್ತಾರೆ, ಮಳೆ ಬಂದರೆ ತಮ್ಮ ತಲೆಯ ಮೇಲಿನ ತಾಡಪತ್ರಿ ತೆಗೆದು ಗಂಟಿಗೆ ಹೊದಿಸುತ್ತಾರೆ. ಇಂಥ ಸಣ್ಣ ವಿಷಯಕ್ಕೆ ಯಾರಾದರೂ ಮನಸ್ಸು ಕೊಡುತ್ತಾರೆಯೇ ಎಂದು ನೀವು ನಗಬಹುದು, ನಗಿರಿ.

ವಿಮಾನದ ವಿಷಯ ಅತ್ತೆಗೆ ಹೇಳಿಲ್ಲ. ಹೋಗಲೇಬೇಕೇ?

ನಿಮ್ಮ ಮಗಳು,
ಭಾಗವ್ವ


ಮುಂಬಯಿ
2 ಸೆಪ್ಟೆಂಬರ್ 1969

ಚಿ. ಭಾಗವ್ವನಿಗೆ,

ನಿನ್ನ ಪತ್ರ ಓದಿ ನಗಲಿಲ್ಲ. ನಿಮ್ಮವ್ವ ನನ್ನನ್ನು ಒಪ್ಪಿಕೊಂಡದ್ದು ನಾನು ಎಮ್ಮೆಗೆ ನೀರು ಕುಡಿಸುವಾಗ ಶೀಟಿ ಹಾಕುತ್ತಿದ್ದೆ ಎಂಬ ಕಾರಣಕ್ಕೆ. ದೊಡ್ಡ ಕಾರಣಕ್ಕೆ ಯಾರೂ ಮನಸ್ಸು ಕೊಡುವುದಿಲ್ಲ.

ಹೋಗಲೇಬೇಕೇ ಎಂದು ಕೇಳಿದ್ದೀ. ಮಾಡಗ್ಯಾಳದಲ್ಲಿ ಈಗ ಎಷ್ಟು ಮಗ್ಗ ಸುಮ್ಮನೆ ನಿಂತಿವೆ, ನೀನೇ ನೋಡುತ್ತಿದ್ದೀ. ಅಮೋಗಸಿದ್ದನ ಹೆಂಡತಿ ಯಲ್ಲವ್ವ ನೂಲು ತೂಗಿಸಲು ಬಂದು ಬರಿಗೈಯಲ್ಲಿ ಹೋದಳೆಂದು ಅತ್ತೆ ಬರೆಸಿದ್ದಳು. ನನ್ನ ಸಹಿಯನ್ನು ನಂಬಿ ಕೂತ ಮಂದಿ ಇವರು. ಆ ಸಹಿ ನಡೆಯುವುದಿಲ್ಲ ಎಂದಾಗ ನಾನು ನನ್ನ ಮುಖ ತೆಗೆದುಕೊಂಡು ಹೋಗಬೇಕು.

ಪಾಸ್‌ಪೋರ್ಟು ಆಗಿದೆ. ಅದರ ಫೋಟೋದಲ್ಲಿ ಕುರಿ ಕದ್ದವನ ಹಾಗೆ ಕಾಣುತ್ತೇನೆ. ಅಕ್ಟೋಬರ್ ಕೊನೆಗೆ ಹೊರಡುತ್ತೇನೆ. ದುಂಡಪ್ಪನವರಿಗೂ ಬರೆದಿದ್ದೇನೆ. ದಸರೆಗೆ ಕೂಡೋಣ ಎಂದಿದ್ದರು, ನನ್ನ ಸಲುವಾಗಿ ಅದನ್ನು ಕಾರ್ತಿಕದ ಎರಡನೆಯ ಸೋಮವಾರಕ್ಕೆ ಇಟ್ಟುಕೊಂಡಿದ್ದಾರೆ, ದೊಡ್ಡ ಮನುಷ್ಯರು. ಆ ಸೋಮವಾರದ ಒಳಗೆ ನಾನು ಜತ್ತದಲ್ಲಿ ಇರುತ್ತೇನೆ. ವಿಮಾನ ಎಂದರೆ ಹಡಗಲ್ಲ ಮಗಳೇ, ಇವತ್ತು ಹೊರಟರೆ ನಾಳೆ ಮುಂಬಯಿ.

ನಿನ್ನ ಅಪ್ಪ


ಜತ್ತ
12 ಅಕ್ಟೋಬರ್ 1969

ಅಪ್ಪನವರಿಗೆ,

ಅತ್ತೆಗೆ ಹೇಳಿದೆ. ನೀವು ಬರೆದ ಹಾಗೆಯೇ ಊಟ ಬಿಟ್ಟಳು, ಸಂಜೆಗೆ ಹಸಿವು ತಡೆಯದೆ ಉಂಡಳು.

ಒಂದು ಮಾತು. ಬಿಳೂರಿನ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಮೊಮ್ಮಗನ ಮದುವೆ ನೋಡಬೇಕೆಂಬುದೊಂದೇ ಅವರ ಆಸೆ. ನಿನ್ನೆ ಅಣ್ಣಾರಾಯರು ಗಂಟು ಒಯ್ಯಲು ಬಂದಾಗ, "ಸೋಮವಾರ ಏನ ಆದ್ರೂ ಮುಂದ ಹೋಗಬಾರದು, ಅಪ್ಪ ಒಮ್ಮೆ ಮುಂದ ಹಾಕ್ಯಾನ, ಮತ್ತ ಹಾಕೂದಿಲ್ಲ" ಎಂದರು. ನೆಲ ನೋಡಿಕೊಂಡು ಹೇಳಿದರು. ನಾನು, "ನಮ್ಮಪ್ಪ ಬರ್ತೀನಿ ಅಂದ್ರ ಬರ್ತಾರ" ಎಂದೆ. ಸ್ವಲ್ಪ ಬಿಂಕದಿಂದಲೇ ಹೇಳಿದೆ.

ಹುಷಾರಾಗಿ ಹೋಗಿ ಬನ್ನಿ. ಅಲ್ಲಿ ಚಳಿ ಇರುತ್ತದಂತೆ, ಕಂಬಳಿ ಮಾರಲು ಹೋದವರು ಕಂಬಳಿ ಮರೆತು ಹೋಗಬೇಡಿ.

ಭಾಗವ್ವ


ಹ್ಯಾಂಬರ್ಗ್
6 ನವೆಂಬರ್ 1969

ಚಿ. ಭಾಗವ್ವನಿಗೆ,

ಮುಟ್ಟಿದ್ದೇನೆ. ವಿಮಾನ ಮೇಲೇಳುವಾಗ ಕೊರಳಿನ ಲಿಂಗಯ್ಯನನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ. ತೆಗೆದು ನೋಡಿದರೆ ಮೋಡಗಳು ಕೆಳಗೆ, ನೀನು ಅಂಗಳದಲ್ಲಿ ಹಿಂಜಿ ಹಾಕಿದ ಬಿಳಿ ಉಣ್ಣೆಯ ಹಾಗೆ. ಊಟಕ್ಕೆ ರೊಟ್ಟಿ, ಹಾಲು, ಬೇಯಿಸಿದ ಬಟಾಟೆ. ಬದುಕಿದ್ದೇನೆ.

ವಿಲ್ಕೆ ಸಾಹೇಬರ ಅಂಗಡಿಗೆ ಮೊದಲ ದಿನ ಹೋದದ್ದನ್ನು ನಿನಗೆ ಹೇಳಲೇಬೇಕು. ಬಾಗಿಲು ತೆಗೆದರೆ ಎದುರಿಗೆ ನಮ್ಮ ಕಂಬಳಿ, ಅಮೋಗಸಿದ್ದನ ಕೈಯದೇ, ನನಗೆ ಗುರುತು ಸಿಗದೆ ಇರುತ್ತದೆಯೇ? ನೆಲಕ್ಕೆ ಹಾಸಿದ್ದಾರೆ, ಮಂದಿ ಬೂಟುಗಾಲಲ್ಲಿ ಅದರ ಮೇಲೆ ತಿರುಗಾಡುತ್ತಿದ್ದಾರೆ. ನಾವು ದೇವರ ಗದ್ದುಗೆಗೆ ಹಾಸುವ ಕಂಬಳಿ. ನನ್ನ ಕಾಲು ಮುಂದೆ ಹೋಗಲಿಲ್ಲ. ಬಾಗಿಲಲ್ಲೇ ಬೂಟು ಕಳಚಿ, ಹೋಗಿ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಸಾಹೇಬರು ಆನೆಯಂಥ ಆಳು, ಕೆಂಪು ಮುಖ. ನನ್ನನ್ನೇ ನೋಡಿದರು. ಯಾಕೆ ಎಂದು ಕೇಳಿದರು. ನನ್ನ ಅರೆಬರೆ ಇಂಗ್ಲಿಷಿನಲ್ಲಿ, ನಮ್ಮೂರಲ್ಲಿ ಇದರ ಮೇಲೆ ಕೂತು ಮಾತಾಡುತ್ತೇವೆ, ಇದನ್ನು ಮೆಟ್ಟುವುದಿಲ್ಲ ಎಂದೆ. ಅವರು ತಮ್ಮ ಬೂಟಿನ ದಾರ ಬಿಚ್ಚಲು ಬಾಗಿದರು. ಎದುರಿಗೆ ಬಂದು ಕೂತರು. ಅವರಿಗೆ ಮಂಡಿ ಮಡಚಲು ಬರಲಿಲ್ಲ, ಕಾಲು ಚಾಚಿಕೊಂಡೇ ಕೂತರು.

ಅಲ್ಲಿಂದ ಮಾತು ಶುರುವಾಯಿತು. ಅಂಚಿನ ಗೊಂಡೆ ಇವರ ಕಾಲಿಗೆ ತೊಡರುತ್ತದಂತೆ. ಪ್ರತಿ ಕಂಬಳಿಯ ಗೊಂಡೆಯನ್ನೂ ಕತ್ತರಿಸಿ ಬಿಸಾಡುತ್ತಿದ್ದರಂತೆ, ಬರೆದರೆ ನಾವು ಬೇಸರ ಮಾಡಿಕೊಂಡೇವು ಎಂದು ಬರೆದಿರಲಿಲ್ಲ. ಯಲ್ಲವ್ವ ಕಣ್ಣು ಕೆಡಿಸಿಕೊಂಡು ಹೊಸೆದ ಗೊಂಡೆಗಳು ಅವು. ಇಷ್ಟು ವರ್ಷದ ಪತ್ರಗಳಲ್ಲಿ ಇಲ್ಲದ ಮಾತು ಎದುರಾ ಎದುರು ಕೂತ ಕೂಡಲೇ ಹೊರಬಿತ್ತು. ಇನ್ನು ಗೊಂಡೆ ಬಿಟ್ಟು ನೇಯಿಸುತ್ತೇನೆ ಎಂದೆ, ಕಳೆದುಹೋದ ಬೇಡಿಕೆಯೆಲ್ಲ ವಾಪಸು ಬಂತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ದಕ್ಷಿಣದಲ್ಲಿ ಮ್ಯೂನಿಕ್ ಎಂಬ ಊರಿನ ದೊಡ್ಡ ಅಂಗಡಿಯವರಿಗೆ ಸಾಹೇಬರು ನನ್ನ ವಿಷಯ ಹೇಳಿದ್ದಾರೆ. ಅವರು ಒಪ್ಪಿದರೆ ಮಾಡಗ್ಯಾಳ, ಸೊರಡಿ ಎರಡೂ ಊರಿನ ಮಗ್ಗಗಳಿಗೆ ವರ್ಷವಿಡೀ ಕೆಲಸ. ಅವರು ನನಗೆ ಕೊಟ್ಟ ದಿನ ಹದಿನೆಂಟನೆಯ ತಾರೀಖು, ಅಂದರೆ ನಮ್ಮ ಸೋಮವಾರದ ಮರುದಿನ. ಬದಲಿಸಲು ಬೇಡಿಕೊಂಡೆ, ಆಗಲಿಲ್ಲ.

ನಾನು ಉಳಿಯುತ್ತಿದ್ದೇನೆ. ದುಂಡಪ್ಪನವರಿಗೆ ಒಂದು ಪತ್ರ ಇದರ ಜತೆ ಇಟ್ಟಿದ್ದೇನೆ, ಬಹಳ ವಿನಯದಿಂದ ಬರೆದಿದ್ದೇನೆ. ನನ್ನ ಚಿಕ್ಕಪ್ಪನ ಮಗ ಶಂಕರೆಪ್ಪ ಅದನ್ನು ಓದಿ ನನ್ನ ಜಾಗದಲ್ಲಿ ಕೂಡಲಿ. ಅತ್ತೆಯ ಮಾತು ಮರೆತಿಲ್ಲ. ಆದರೆ ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ದುಂಡಪ್ಪನವರು ನನ್ನನ್ನು ಬಲ್ಲರು. ಗುರುತಿಲ್ಲದವರಿಗೆ ಮುಖ ತೋರಿಸಬೇಕಾಗುತ್ತದೆ, ನಮ್ಮವರಿಗೆ ಪತ್ರ ಸಾಕು ಎಂದು ನನ್ನ ಲೆಕ್ಕ. ಬಂದ ಕೂಡಲೇ ಬಿಳೂರಿಗೆ ಹೋಗಿ ಕೈಮುಗಿದು ಬರುತ್ತೇನೆ.

ಸಿಟ್ಟಾಗಬೇಡ.

ನಿನ್ನ ಅಪ್ಪ


ಜತ್ತ
20 ನವೆಂಬರ್ 1969

ಅಪ್ಪನವರಿಗೆ,

ನಿಮ್ಮ ಲೆಕ್ಕ ತಪ್ಪಿತು.

ಸೋಮವಾರ ಹೊತ್ತೇರುವ ಮುಂಚೆಯೇ ಅವರು ಲಾರಿಯಲ್ಲಿ ಬಂದರು. ಅಜ್ಜಿಯನ್ನು ಹಾಸಿಗೆಯ ಸಮೇತ ತಂದಿದ್ದರು. ಪಡಸಾಲೆಯಲ್ಲಿ ಅತ್ತೆ ಕರಿ ಕಂಬಳಿ ಹಾಸಿದಳು, ಎಲೆ ಅಡಿಕೆಯ ತಟ್ಟೆ ಇಟ್ಟಳು, ಮಠದ ಅಯ್ಯನವರು ಬಂದು ಕೂತರು. ನಾನು ಒಳಬಾಗಿಲ ಮರೆಯಲ್ಲಿ ನಿಂತಿದ್ದೆ. ನಿಮ್ಮ ಪತ್ರ ಶನಿವಾರವೇ ಬಂದಿತ್ತು. ಅತ್ತೆ ಅದನ್ನು ಕೇಳಿದ ಮೇಲೂ ಕಂಬಳಿ ಕೊಡವಿ ಬಿಸಿಲಿಗೆ ಹಾಕಿದ್ದಳು.

ದುಂಡಪ್ಪನವರು ಕಂಬಳಿಯ ಮೇಲೆ ಕೂತು, "ಶಿವಯೋಗೆಪ್ಪನೋರು ಎಲ್ಲಿ ಅದಾರ್ರಿ?" ಎಂದರು. ಶಂಕರೆಪ್ಪ ಕಾಕಾ ನಿಮ್ಮ ಪತ್ರ ಓದಿದರು. ಚೆನ್ನಾಗಿಯೇ ಓದಿದರು. ಎಲ್ಲ ಕೇಳಿಸಿಕೊಂಡು ದುಂಡಪ್ಪನವರು, "ಪತ್ರ ಭಾಳ ಚಂದ ಐತಿ. ಖರೆ ನಾ ಪತ್ರದ ಜೋಡಿ ಬೀಗತನ ಹ್ಯಾಂಗ ಮಾಡ್ಲಿ?" ಎಂದರು.

ಆಗ ಅಣ್ಣಾರಾಯರು ಎದ್ದು ನಿಂತು, "ಸ್ವಲ್ಪ ತಡೀರಿ ಅಪ್ಪಾ. ವಿಮಾನ ಒಂದ ದಿನದಾಗ ಬರ್ತದಂತ. ಪತ್ರ ಬರದ ಮ್ಯಾಲ ಮನಸ್ಸ ಬದಲಿಸಿ ಹೊಂಟಿರಬೇಕು" ಎಂದರು. ಹೊರಗೆ ಹೋಗಿ ಮೀರಜದ ದಾರಿ ನೋಡುತ್ತ ನಿಂತರು. ನೀವು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು ಅಪ್ಪಾ. ಆದರೂ ಒಂದೊಂದು ಮೋಟಾರಿನ ಸದ್ದಿಗೂ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಎಲ್ಲರೂ ಕಾದರು. ಅಜ್ಜಿ ನೀರು ಕೇಳಿದರು, ನಾನೇ ಕುಡಿಸಿದೆ. ಬಿಸಿಲು ಪಡಸಾಲೆಯ ಈಚೆ ಗೋಡೆಯಿಂದ ಆಚೆ ಗೋಡೆಗೆ ಹೋಯಿತು.

ಕೊನೆಗೆ ಶಂಕರೆಪ್ಪ ಕಾಕಾ ಧೈರ್ಯ ಮಾಡಿ ನಿಮ್ಮ ಜಾಗದಲ್ಲಿ ಕೂತರು. ಮಲಗಿದ್ದ ಅಜ್ಜಿಗೆ ಅದು ಹೇಗೆ ತಿಳಿಯಿತೋ, "ಏಳಪಾ, ಏಳು. ಬದುಕಿದ್ದವನ ಜಾಗದಾಗ ಕೂಡಬ್ಯಾಡ. ನಮಗ ಆ ಪಾಪ ಬ್ಯಾಡ" ಎಂದರು. ಕಾಕಾ ಎದ್ದರು. ದುಂಡಪ್ಪನವರೂ ಎದ್ದರು. ಸಿಟ್ಟು ಮಾಡಲಿಲ್ಲ, ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ಹಡಗದಾಗ ಹೋಗಿದ್ರ ನಾನೂ ಮಾಫ ಮಾಡತಿದ್ದೆ, ಬರಾಕ ಆಗೂದಿಲ್ಲ ಅಂತಿದ್ದೆ. ಒಂದ ದಿನದ ದಾರಿ ಅಂತ ಅವರ ಬರದಾರ. ಬರಾಕ ಬರ್ತಿತ್ತು, ಬರಲಿಲ್ಲ" ಎಂದರು.

ಅಣ್ಣಾರಾಯರು ಅಜ್ಜಿಯನ್ನು ಎತ್ತಿ ಲಾರಿಯಲ್ಲಿ ಮಲಗಿಸಿದರು. ನನ್ನ ಕಡೆ ಒಂದು ಸಲ ನೋಡಿದರು. ತಂದೆಗೆ ಎದುರು ಒಂದು ಮಾತು ಆಡಲಿ ಎಂದು ನಾನು ಕಾದೆ. ಆಡಲಿಲ್ಲ.

ಅಪ್ಪಾ, ನನ್ನ ಜೀವಕ್ಕೆ ಸಮಾಧಾನ ಇಲ್ಲ. ಪತ್ರದಲ್ಲಿ ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಭಾಗವ್ವ


ಹ್ಯಾಂಬರ್ಗ್
29 ನವೆಂಬರ್ 1969

ಭಾಗವ್ವಾ,

ಮ್ಯೂನಿಕ್ಕಿನಿಂದ ಬಂದು ಬಾಗಿಲು ತೆಗೆದಾಗ ನಿನ್ನ ಪತ್ರ ಸಿಕ್ಕಿತು. ಅಲ್ಲಿಯವರು ಒಪ್ಪಿದರು. ಕೈಯಲ್ಲಿ ಆ ಸಂತೋಷ ಹಿಡಿದುಕೊಂಡೇ ನಿನ್ನ ಪತ್ರ ಒಡೆದೆ.

ನಾಡಿದ್ದಿನ ವಿಮಾನಕ್ಕೆ ಜಾಗ ಸಿಕ್ಕಿದೆ. ಮುಂಬಯಿಯಲ್ಲಿ ನಿಲ್ಲದೆ ನೇರ ಬಿಳೂರಿಗೆ ಬರುತ್ತೇನೆ. ದುಂಡಪ್ಪನವರ ಕಾಲು ಹಿಡಿಯುತ್ತೇನೆ, ಅಜ್ಜಿಯ ಕಾಲು ಹಿಡಿಯುತ್ತೇನೆ. ನೀನು ಮಾತ್ರ ಧೈರ್ಯ ಕಳೆದುಕೊಳ್ಳಬೇಡ. ಈ ಪತ್ರಕ್ಕಿಂತ ಮೊದಲು ನಾನೇ ಮುಟ್ಟಬಹುದು, ಆದರೂ ಬರೆಯದೆ ಇರಲು ಆಗಲಿಲ್ಲ.

ಅಪ್ಪ


ಬಿಳೂರ
22 ಡಿಸೆಂಬರ್ 1969

ಶ್ರೀ ಶಿವಯೋಗೆಪ್ಪನವರಿಗೆ ದುಂಡಪ್ಪನ ಶರಣಾರ್ಥಿ.

ತಾವು ನಮ್ಮ ಮನೆಗೆ ಎರಡು ಸಲ ಬಂದು ಹೋದಿರಿ. ಎರಡು ಸಲವೂ ನಾನು ಹೊಲದಲ್ಲಿದ್ದೆ. ಮನೆಯಿಂದ ಕರೆ ಬಂದಿತ್ತು, ಬರಬಹುದಿತ್ತು, ಬರಲಿಲ್ಲ. ತಮ್ಮ ಮುಖ ನೋಡಿದರೆ ಇಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತಾಯಿಯ ಸ್ಥಿತಿ ತಮಗೆ ಗೊತ್ತು. ನಾವು ತಮ್ಮ ಮನೆಯಿಂದ ಹೊರಟ ವಾರದಲ್ಲೇ ಉಮದಿ ಊರಿನವರು ಬಂದರು, ಹುಡುಗಿಯ ತಂದೆ ಬಂದು ಕೂತರು, ಎಲೆ ಹಿಡಿದೆವು. ಕೊಟ್ಟ ಮಾತು ಈಗ ಹಿಂದೆ ತೆಗೆದುಕೊಂಡರೆ ಆ ಹುಡುಗಿಯ ಗತಿ ಏನು? ಅವಳೂ ಒಬ್ಬರ ಮಗಳು. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ತಮ್ಮ ಭಾಗವ್ವನ ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಒಂದು ಕೆಟ್ಟ ಮಾತು ಇಲ್ಲ. ತಾಯಿ ಇನ್ನೂ ಅವಳ ಹೆಸರು ಹಿಡಿದು ನೀರು ಕೇಳುತ್ತಾರೆ.

ಇತಿ,
ದುಂಡಪ್ಪ


ಜತ್ತ
9 ಮಾರ್ಚ್ 1970

ಅಪ್ಪನವರಿಗೆ,

ನೀವು ಮುಂಬಯಿಗೆ ಹೋದ ಮೇಲೆ ಇದು ಮೊದಲ ಪತ್ರ. ಮನೆಯಲ್ಲಿ ನೀವಿದ್ದಷ್ಟು ದಿನ ನನ್ನ ಎದುರಿಗೆ ಬರಲು ನಿಮಗೆ ಕಷ್ಟವಾಗುತ್ತಿತ್ತು, ನನಗೆ ಗೊತ್ತು. ನನಗೂ ಆಗುತ್ತಿತ್ತು.

ಬಿಳೂರಿನ ಮದುವೆ ಮಾಘದಲ್ಲಿ ಆಯಿತು. ಅಜ್ಜಿ ನೋಡಿದರು, ನೋಡಿ ನಾಲ್ಕೈದು ದಿನಕ್ಕೆ ಹೋದರು. ಅಣ್ಣಾರಾಯರು ಮೊನ್ನೆ ಕೊನೆಯ ಸಲ ಗಂಟು ಒಯ್ಯಲು ಬಂದಿದ್ದರು. ಇನ್ನು ಮೇಲೆ ಬೇರೆ ಡ್ರೈವರನನ್ನು ಕಳಿಸುತ್ತಾರಂತೆ. ಹಗ್ಗ ಎಳೆದು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಭಾಗವ್ವಾ, ಅಜ್ಜಿ ಕಣ್ಣ ಮುಂದ ಅಪ್ಪಗ ಎದುರಾಡಾಕ ನನಗ ಆಗ್ಲಿಲ್ಲ" ಎಂದರು. ನಾನು, "ಗಂಟು ಬರೋಬ್ಬರಿ ಅದಾವ, ಒಯ್ರಿ" ಎಂದೆ. ಬೇರೆ ಏನು ಹೇಳಬೇಕಿತ್ತು ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ.

ಸೊರಡಿಯವರ ವಿಷಯ ಬರೆದಿದ್ದೀರಿ. ಹುಡುಗ ಮುರಗೆಪ್ಪ ಒಳ್ಳೆಯವನು, ಮನೆತನ ಒಳ್ಳೆಯದು ಎಂದಿದ್ದೀರಿ. ಇರಬಹುದು. ನೀವು ಹೇಳಿದ ಹಾಗೆ ಆಗಲಿ. ಆ ದಿನ ನೀವು ಊರಲ್ಲಿ ಇರುತ್ತೀರಲ್ಲ?

ಭಾಗವ್ವ


ಮುಂಬಯಿ
17 ಆಗಸ್ಟ್ 1970

ಚಿ. ಸೌ. ಭಾಗವ್ವನಿಗೆ ಅಪ್ಪನ ಆಶೀರ್ವಾದಗಳು.

ಸೊರಡಿಯ ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರೆಂದು ಮುರಗೆಪ್ಪನವರು ಬರೆದಿದ್ದರು. ಪಂಚಮಿಗೆ ನೀನು ಜತ್ತಕ್ಕೆ ಬರಲಿಲ್ಲ ಎಂದು ಅತ್ತೆ ಬರೆಸಿದ್ದಳು.

ವ್ಯಾಪಾರ ಚೆನ್ನಾಗಿದೆ. ಮಾಡಗ್ಯಾಳದಲ್ಲಿ ಈಗ ನಿಂತ ಮಗ್ಗ ಒಂದೂ ಇಲ್ಲ. ಗೊಂಡೆ ಬಿಟ್ಟು ನೇಯುವುದಕ್ಕೆ ಯಲ್ಲವ್ವ ಮೊದಲು ಅತ್ತಳಂತೆ, ಈಗ ಸುಧಾರಿಸಿದ್ದಾಳೆ. ವಿಲ್ಕೆ ಸಾಹೇಬರು ಚಳಿಗಾಲದಲ್ಲಿ ಬರುತ್ತಾರೆ, ಮಗ್ಗ ನೋಡುತ್ತಾರೆ, ನೇಯುವವರ ಜತೆ ಕೂತು ಮಾತಾಡುತ್ತಾರೆ. ಪತ್ರದಲ್ಲೇ ಇದ್ದಿದ್ದರೆ ಇಷ್ಟರಲ್ಲಿ ಈ ವ್ಯಾಪಾರ ಮುಚ್ಚಿಹೋಗುತ್ತಿತ್ತು. ನಾನು ಹೋದದ್ದು ತಪ್ಪಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೂ ಹಗಲು ಹಾಗೆಯೇ ಅನಿಸುತ್ತದೆ.

ಆದರೆ ಮದುವೆಯ ಉದ್ದಕ್ಕೂ ನೀನು ನನ್ನ ಜತೆ ನೆಟ್ಟಗೆ ಮಾತಾಡಲಿಲ್ಲ. ಹೋಗುವಾಗ ಅತ್ತೆಯ ಕೊರಳಿಗೆ ಬಿದ್ದು ಅತ್ತವಳು ನನಗೆ ಬರೀ ನಮಸ್ಕಾರ ಮಾಡಿದೆ. ಮನಸ್ಸಿನಲ್ಲಿ ಏನಿದೆ ಮಗಳೇ? ಬೈಯುವುದಿದ್ದರೆ ಬೈದುಬಿಡು. ನೀನು ಸುಮ್ಮನಿರುವುದನ್ನು ನನ್ನಿಂದ ತಡೆಯಲಾಗುತ್ತಿಲ್ಲ.

ನಿನ್ನ ಅಪ್ಪ


ಸೊರಡಿ
6 ಸೆಪ್ಟೆಂಬರ್ 1970

ಅಪ್ಪನವರಿಗೆ ಭಾಗವ್ವನ ನಮಸ್ಕಾರಗಳು.

ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಇದನ್ನು ಮೊದಲೇ ಹೇಳುತ್ತೇನೆ. ಇವರದು ಮಾತು ಕಡಿಮೆ, ಮನಸ್ಸು ಮೆತ್ತಗೆ. ಇಲ್ಲಿನ ಅತ್ತೆ ಕಾಳವ್ವನವರು ನಾನು ಒಲೆಯ ಮುಂದೆ ಸುಮ್ಮನೆ ಕೂತಿದ್ದರೆ, "ತವರ ನೆನಪಾತೇನ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಅವರಿಗೆ ಅಷ್ಟು ಸಾಕಾಗುತ್ತದೆ.

ನಿಮ್ಮನ್ನು ಬೈಯಬೇಕೆಂದು ಬಹಳ ಸಲ ಕೂತೆ. ಆಗಲಿಲ್ಲ. ಇಲ್ಲಿ ನಮ್ಮ ಓಣಿಯಲ್ಲೇ ಮಗ್ಗಗಳ ಸದ್ದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತದೆ. ಅವೆಲ್ಲ ನೀವು ಹೋಗಿ ತಂದ ಕೆಲಸ. ನೀರಿಗೆ ಹೋದರೆ ಹೆಂಗಸರು, "ನಿಮ್ಮಪ್ಪನ ಪುಣ್ಯೇದಾಗ ಉಣ್ಣಾಕತ್ತೀವಿ" ಎನ್ನುತ್ತಾರೆ. ನೀವು ಹೋಗಬಾರದಿತ್ತು ಎಂದು ಯಾವ ಬಾಯಿಂದ ಹೇಳಲಿ? ನೀವು ಹೋಗದಿದ್ದರೆ ಈ ಓಣಿಯ ಮಕ್ಕಳು ಹಸಿದಿರುತ್ತಿದ್ದವು. ಸಿಟ್ಟಾಗಲು ಒಂದು ಜಾಗವನ್ನೂ ನೀವು ನನಗೆ ಬಿಟ್ಟಿಲ್ಲ ಅಪ್ಪಾ. ಅದೇ ನನಗೆ ಎಲ್ಲಕ್ಕಿಂತ ಕಷ್ಟ.

ಮದುವೆಯಲ್ಲಿ ಯಾಕೆ ಮಾತಾಡಲಿಲ್ಲ ಎಂದು ಕೇಳಿದ್ದೀರಿ. ಹೇಳುತ್ತೇನೆ. ಸೊರಡಿಯವರ ಜತೆ ಮಾತು ಆಗುವ ದಿನಕ್ಕೆ ನೀವು ಒಂದು ವಾರ ಮೊದಲೇ ಬಂದಿರಿ. ಸೇಠರ ತಂತಿ ಬಂದರೂ ಹೋಗಲಿಲ್ಲ. ಬೆಳಿಗ್ಗೆ ಜಳಕ ಮಾಡಿ, ಹೊಸ ಧೋತರ ಉಟ್ಟು, ಬೀಗರು ಬರುವ ಮುಂಚೆಯೇ ಹೋಗಿ ನಿಮ್ಮ ಜಾಗದಲ್ಲಿ ಕೂತಿರಿ. ಅವರು ಬಂದಾಗ ನಕ್ಕಿರಿ, ಎಲೆ ಹಿಡಿಯುವಾಗ ಅಡಿಕೆ ಬೀಳಿಸಿದಿರಿ, ಎಲ್ಲರೂ ಹೆಣ್ಣು ಹೆತ್ತವರ ಕೈ ಎಂದು ನಕ್ಕರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ.

ನಾನು ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಲ್ಲವೂ ಕಾರ್ತಿಕದ ಆ ಸೋಮವಾರಕ್ಕೆ ನಾನು ಅಂದುಕೊಂಡಿದ್ದ ಹಾಗೆಯೇ ಇತ್ತು. ಹುಡುಗ ಮಾತ್ರ ಬೇರೆ.

ನಿಮ್ಮ,
ಭಾಗವ್ವ